ಸ್ಪೋಕನ್ ಇಂಗ್ಲಿಷ್: ಕ್ಲಾಸಾ, ಆ್ಯಪಾ, ಕ್ಲಬ್ಬಾ? ಫೀಸು ಕಟ್ಟುವ ಮೊದಲು ಒಂದು ಲೆಕ್ಕ

"ಇಂಗ್ಲಿಷ್ ಓದಿದ್ರೆ ಅರ್ಥ ಆಗುತ್ತೆ. ಬಾಯಿ ಬಿಡೋಕೆ ಹೋದ್ರೆ ಏನೂ ಬರಲ್ಲ." ಡಿಗ್ರಿ ಕೊನೆಯ ವರ್ಷದವರು, ಶೋರೂಮಿನಲ್ಲಿ ಕೆಲಸ ಮಾಡುವವರು, ವಿದೇಶಕ್ಕೆ ಹೊರಟ ನರ್ಸ್‌ಗಳು, ಬೆಂಗಳೂರಿನ ಐಟಿ ಕಂಪನಿಗೆ ಹೊಸದಾಗಿ ಸೇರಿದವರು, ಎಲ್ಲರದ್ದೂ ಇದೇ ಮಾತು. ಅದರ ಹಿಂದೆಯೇ ಪ್ರಶ್ನೆ ಬರುತ್ತದೆ. ಊರಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರೋದಾ? ಆನ್‌ಲೈನ್ ಕೋರ್ಸ್ ತಗೊಳ್ಳೋದಾ? ಮೊಬೈಲಿನ ಆ್ಯಪ್ ಸಾಕಾ?

ಎಲ್ಲರಿಗೂ ಒಂದೇ ಉತ್ತರ ಕೊಡುವವರು ಸಾಮಾನ್ಯವಾಗಿ ಏನನ್ನೋ ಮಾರುತ್ತಿರುತ್ತಾರೆ. ನಾನು ಇಲ್ಲಿ ಮೊದಲು ಅಳತೆಗಳನ್ನು ಹೇಳುತ್ತೇನೆ. ಆಮೇಲೆ ಒಂದೊಂದು ದಾರಿಯನ್ನೂ ಅದೇ ಅಳತೆಯಲ್ಲಿ ನೋಡೋಣ. ಕೊನೆಗೆ ಯಾರ ಜೇಬಿಗೆ, ಯಾರ ಕೆಲಸಕ್ಕೆ ಯಾವುದು ಹೊಂದುತ್ತದೆ ಎಂಬುದಕ್ಕೆ ಬರೋಣ.

ನಿಮಗೆ ಬೇಕಿರುವುದು ಇಂಗ್ಲಿಷೇನಾ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಎಷ್ಟೋ ಜನ ಇಲ್ಲೇ ದುಡ್ಡು ಉಳಿಸಬಹುದು.

ಎಫ್‌ಡಿಎ, ಎಸ್‌ಡಿಎ ಥರದ ಪರೀಕ್ಷೆಗೆ ಓದುತ್ತಿದ್ದರೆ ಅಲ್ಲಿ ಯಾರೂ ನಿಮ್ಮ ಇಂಗ್ಲಿಷ್ ಉಚ್ಚಾರಣೆ ಕೇಳುವುದಿಲ್ಲ. ಬ್ಯಾಂಕ್ ಪರೀಕ್ಷೆಯಲ್ಲಿ ಬರುವ ಇಂಗ್ಲಿಷ್ ಬಹುಪಾಲು ಓದಿ ಗುರುತು ಹಾಕುವ ಇಂಗ್ಲಿಷ್. ಅದಕ್ಕೆ ವ್ಯಾಕರಣ ಬೇಕು, ಓದುವ ವೇಗ ಬೇಕು. ಮಾತಾಡುವ ಅಭ್ಯಾಸ ಆ ಲಿಖಿತ ಪರೀಕ್ಷೆಯಲ್ಲಿ ಅಂಕ ತರುವುದಿಲ್ಲ. ಸ್ಟೇಟ್ ಬ್ಯಾಂಕಿನ ಸರ್ಕಲ್ ಬೇಸ್ಡ್ ಆಫೀಸರ್ ಹುದ್ದೆಗಂತೂ ಆಯಾ ರಾಜ್ಯದ ಭಾಷೆ ಬರಲೇಬೇಕು. ಅಲ್ಲಿ ಕನ್ನಡವೇ ನಿಮ್ಮ ಬಲ. ಕಾಲ್ ಸೆಂಟರ್‌ಗಳಲ್ಲೂ "ಕನ್ನಡ ಪ್ರೋಸೆಸ್" ಅಂತ ಬೇರೆಯೇ ನೇಮಕ ನಡೆಯುತ್ತದೆ. ಅಲ್ಲಿ ಗ್ರಾಹಕರ ಜೊತೆ ಮಾತು ಕನ್ನಡದಲ್ಲಿ. ಕಂಪ್ಯೂಟರಿನಲ್ಲಿ ದಾಖಲಿಸುವಷ್ಟು ಇಂಗ್ಲಿಷ್ ಬಂದರೆ ನಡೆಯುತ್ತದೆ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಿ ನೋಡಿ. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ, "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಅನ್ನುವ ಪ್ರಶ್ನೆಗೆ ಎರಡು ನಿಮಿಷ ಕನ್ನಡದಲ್ಲೇ ಉತ್ತರ ಕೊಡಿ. ಆಮೇಲೆ ಕೇಳಿಸಿಕೊಳ್ಳಿ. ಹೆಸರು, ಊರು, ಕಾಲೇಜು ಹೇಳಿ ಅರ್ಧ ನಿಮಿಷಕ್ಕೆ ಮಾತು ನಿಂತುಹೋಯಿತಾ? ಹಾಗಿದ್ದರೆ ನಿಮ್ಮ ತೊಂದರೆ ಇಂಗ್ಲಿಷ್ ಅಲ್ಲ. ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು ಅನ್ನುವುದು ಇನ್ನೂ ಗಟ್ಟಿಯಾಗಿಲ್ಲ. ಇದನ್ನು ಕನ್ನಡದಲ್ಲೇ ಸರಿಮಾಡಿಕೊಳ್ಳಬಹುದು, ಬಿಡಿಗಾಸು ಖರ್ಚಿಲ್ಲದೆ. ಇಂಟರ್‌ವ್ಯೂ ಎದುರು ಕೂತು ತಡವರಿಸುವ ಹುಡುಗ ಹುಡುಗಿಯರಲ್ಲಿ ಈ ಗುಂಪಿನವರೇ ಜಾಸ್ತಿ ಅನ್ನುವುದು ನನ್ನ ಅನಿಸಿಕೆ. ಅವರು ಮೂರು ತಿಂಗಳು ಗ್ರಾಮರ್ ಕ್ಲಾಸಿಗೆ ಹೋಗಿ ಬಂದರೂ ಅದೇ ಅರ್ಧ ನಿಮಿಷಕ್ಕೆ ನಿಲ್ಲುತ್ತಾರೆ.

ಕನ್ನಡದಲ್ಲಿ ಸಲೀಸಾಗಿ ಎರಡು ನಿಮಿಷ ಹೇಳಿ, ಇಂಗ್ಲಿಷ್‌ನಲ್ಲಿ ಮಾತ್ರ ಕಟ್ಟಿಹಾಕಿದ ಹಾಗೆ ಆಗುತ್ತದೆ ಅನ್ನುವವರು ಮುಂದೆ ಓದಿ.

ಅಳತೆಗಳು

ಮೊದಲನೆಯದು, ಮುಖ್ಯವಾದದ್ದು: ಒಂದು ವಾರದಲ್ಲಿ ನಿಮ್ಮ ಸ್ವಂತ ಬಾಯಿ ಎಷ್ಟು ನಿಮಿಷ ತೆರೆಯುತ್ತದೆ? ಟೀಚರ್ ಎಷ್ಟು ಹೊತ್ತು ಪಾಠ ಮಾಡಿದರು ಅನ್ನುವುದಲ್ಲ. ನೀವು ಎಷ್ಟು ಹೊತ್ತು ಮಾತಾಡಿದಿರಿ ಅನ್ನುವುದು.

ಇದಕ್ಕೆ ಯಾಕೆ ಇಷ್ಟು ತೂಕ ಕೊಡುತ್ತೇನೆ ಅಂದರೆ, ನಮ್ಮ ರಾಜ್ಯದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರೂ ಇಂಗ್ಲಿಷನ್ನು ವರ್ಷಗಟ್ಟಲೆ ಓದಿರುತ್ತಾರೆ. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಅದಕ್ಕೂ ಮೊದಲು ಶಾಲೆಗೆ ಸೇರಿದವರು ಐದನೇ ಕ್ಲಾಸಿನಿಂದ ಓದಿದ್ದಾರೆ. ಪಿಯುಸಿ, ಡಿಗ್ರಿ ಸೇರಿಸಿದರೆ ಹತ್ತು ವರ್ಷ ದಾಟುತ್ತದೆ. ಪದ ಗೊತ್ತು, ಟೆನ್ಸ್ ಗೊತ್ತು, ಪ್ಯಾಸಿವ್ ವಾಯ್ಸ್ ಕೂಡ ಗೊತ್ತು. ಅಷ್ಟೂ ವರ್ಷದಲ್ಲಿ ಆಗದೇ ಇದ್ದದ್ದು ಒಂದೇ, ಬಾಯಿಬಿಟ್ಟು ಮಾತಾಡುವುದು. ಇಲ್ಲದಿರುವುದನ್ನು ಕೊಳ್ಳಬೇಕೇ ಹೊರತು ಇರುವುದನ್ನೇ ಮತ್ತೆ ಕೊಳ್ಳಬಾರದು, ಅಲ್ವಾ?

ಎರಡನೆಯದು ತಿದ್ದುವವರು. ತಪ್ಪು ಮಾತಾಡಿದಾಗ ಯಾರಾದರೂ ಹೇಳುತ್ತಾರಾ? ಹೇಳಿದರೆ ಆಗಲೇ ಹೇಳುತ್ತಾರಾ, ಕಾರಣ ಹೇಳುತ್ತಾರಾ? "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಅಂತ ಮೂರು ತಿಂಗಳು ಧೈರ್ಯವಾಗಿ ಮಾತಾಡಿದರೆ ಆ ತಪ್ಪೇ ಗಟ್ಟಿಯಾಗುತ್ತದೆ.

ಮೂರನೆಯದು ಎದುರಿಗೆ ಯಾರಿದ್ದಾರೆ ಅನ್ನುವುದು. ಮೊಬೈಲಿನ ಎದುರು ನಿರರ್ಗಳವಾಗಿ ಮಾತಾಡುವವರು ನಾಲ್ಕು ಜನರ ಎದುರು ಬೆವರುತ್ತಾರೆ. ಇಂಟರ್‌ವ್ಯೂನಲ್ಲಿ ಎದುರಿಗಿರುವುದು ಮನುಷ್ಯರು.

ನಾಲ್ಕನೆಯದು ದುಡ್ಡು, ಅದರ ಜೊತೆಗೆ ಓಡಾಟದ ಸಮಯ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿಬರುವ ಎರಡು ಗಂಟೆಯೂ ಫೀಸಿನ ಭಾಗವೇ.

ಇನ್ನು ಸರ್ಟಿಫಿಕೇಟ್. ಬಹುತೇಕ ಕಂಪನಿಗಳು ಸ್ಪೋಕನ್ ಇಂಗ್ಲಿಷ್ ಸರ್ಟಿಫಿಕೇಟ್ ನೋಡಿ ಕೆಲಸ ಕೊಡುವುದಿಲ್ಲ. ನಿಮ್ಮನ್ನು ಮಾತಾಡಿಸಿ ನೋಡುತ್ತಾರೆ. ಇಲ್ಲವೇ ಪಿಯರ್ಸನ್‌ನವರ ವರ್ಸೆಂಟ್ ಥರದ ಕಂಪ್ಯೂಟರ್ ಪರೀಕ್ಷೆ ಕೊಡುತ್ತಾರೆ, ಅದು ನಿಮ್ಮ ದನಿಯನ್ನು ತಾನೇ ಅಳೆದು ಅಂಕ ಕೊಡುತ್ತದೆ. ವಿದೇಶಕ್ಕೆ ಹೋಗುವವರನ್ನು ಬಿಟ್ಟರೆ ಉಳಿದವರು ಸರ್ಟಿಫಿಕೇಟನ್ನು ಅಳತೆಪಟ್ಟಿಯ ಕೊನೆಗೆ ಇಡಬಹುದು.

ಊರಿನ ಕೋಚಿಂಗ್ ಕ್ಲಾಸು

ಬಸ್ ಸ್ಟ್ಯಾಂಡ್ ಹತ್ತಿರದ ಮೊದಲನೇ ಮಹಡಿ, ಹೊರಗೆ ಫ್ಲೆಕ್ಸು, "60 ದಿನಗಳಲ್ಲಿ ಇಂಗ್ಲಿಷ್". ಫೀಸು ಊರಿಂದ ಊರಿಗೆ ಬೇರೆ. ತಾಲ್ಲೂಕು ಕೇಂದ್ರದಲ್ಲಿ ಎರಡು-ಮೂರು ಸಾವಿರಕ್ಕೂ ಸಿಗುತ್ತದೆ, ಬೆಂಗಳೂರಿನಲ್ಲಿ ಇಪ್ಪತ್ತು ಸಾವಿರ ಕೇಳುವವರೂ ಇದ್ದಾರೆ.

ಇಲ್ಲಿ ಒಂದು ಲೆಕ್ಕ ಹಾಕೋಣ. ಫೀಸು ಆರು ಸಾವಿರ, ದಿನಕ್ಕೆ ಒಂದು ಗಂಟೆ, ಒಟ್ಟು 60 ಕ್ಲಾಸು, ಬ್ಯಾಚಿನಲ್ಲಿ 30 ಜನ ಅಂತ ಇಟ್ಟುಕೊಳ್ಳಿ. ಟೀಚರ್ ಅರ್ಧ ಗಂಟೆ ಪಾಠ ಮಾಡುತ್ತಾರೆ. ಉಳಿದ ಅರ್ಧ ಗಂಟೆಯನ್ನು 30 ಜನಕ್ಕೆ ಹಂಚಿದರೆ ನಿಮಗೆ ಸಿಗುವುದು ದಿನಕ್ಕೆ ಒಂದು ನಿಮಿಷ. ಅರವತ್ತು ದಿನಕ್ಕೆ ಒಂದು ಗಂಟೆ. ಅಂದರೆ ಒಂದು ಗಂಟೆ ಮಾತಾಡಲು ನೀವು ಆರು ಸಾವಿರ ಕೊಟ್ಟ ಹಾಗಾಯಿತು!

ಅದೇ ಫೀಸಿಗೆ ಬ್ಯಾಚಿನಲ್ಲಿ ಹತ್ತೇ ಜನ ಇದ್ದರೆ ನಿಮ್ಮ ಪಾಲು ಮೂರು ಗಂಟೆ, ಗಂಟೆಗೆ ಎರಡು ಸಾವಿರ. ಇನ್ನೂ ಒಂದು ಸಾಧ್ಯತೆ ಇದೆ. 30 ಜನರ ಬ್ಯಾಚೇ ಇರಲಿ, ಟೀಚರ್ ಎಲ್ಲರನ್ನೂ ಜೋಡಿ ಮಾಡಿ ಕೂರಿಸಿ ಆ ಅರ್ಧ ಗಂಟೆ ಪರಸ್ಪರ ಮಾತಾಡಿಸಿದರೆ? ಆಗ ನಿಮಗೆ ದಿನಕ್ಕೆ 15 ನಿಮಿಷ, ಒಟ್ಟು 15 ಗಂಟೆ. ಗಂಟೆಗೆ ನಾನೂರು ರೂಪಾಯಿ. ಬೋರ್ಡು ಅದೇ, ಫೀಸು ಅದೇ, ನಿಮಗೆ ಸಿಗುವ ಮಾಲು ಮಾತ್ರ ಹದಿನೈದು ಪಟ್ಟು. ಜೋಡಿ ಮಾತಿನಲ್ಲಿ ಒಂದು ಕೊರತೆ ಇದೆ. ಇಬ್ಬರೂ ಕಲಿಯುವವರೇ ಆದ್ದರಿಂದ ತಪ್ಪು ತಿದ್ದುವವರಿಲ್ಲ. ಟೀಚರ್ ಬೆಂಚಿಂದ ಬೆಂಚಿಗೆ ಓಡಾಡಿ ಕೇಳಿಸಿಕೊಂಡು ತಿದ್ದಿದರೆ ಅದೂ ತುಂಬಿಬರುತ್ತದೆ.

ಹಾಗಾಗಿ ಡೆಮೊ ಕ್ಲಾಸಿಗೆ ಹೋದಾಗ ಟೀಚರ್ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಎಂದು ನೋಡಬೇಡಿ. ಡೆಮೊದಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ಡೆಮೊ ಬಿಟ್ಟು, ಈಗಾಗಲೇ ನಡೆಯುತ್ತಿರುವ ಬ್ಯಾಚಿನಲ್ಲಿ ಹಿಂದಿನ ಬೆಂಚಲ್ಲಿ ಒಂದು ದಿನ ಕೂರಲು ಬಿಡ್ತೀರಾ ಅಂತ ಕೇಳಿ. ಬಿಟ್ಟರೆ ಗಡಿಯಾರ ನೋಡಿ. ವಿದ್ಯಾರ್ಥಿಗಳ ದನಿ ಎಷ್ಟು ಹೊತ್ತು ಕೇಳಿಸಿತು? ಬೋರ್ಡಿನ ಮೇಲೆ ಟೆನ್ಸ್‌ನ ಹನ್ನೆರಡು ಮನೆಯ ಟೇಬಲ್ ಬರೆಯುವುದರಲ್ಲೇ ಗಂಟೆ ಕಳೆದರೆ ಎದ್ದು ಬನ್ನಿ. ಆ ಟೇಬಲ್ ನಿಮ್ಮ ಹೈಸ್ಕೂಲ್ ನೋಟ್ ಬುಕ್ಕಿನಲ್ಲೂ ಇದೆ.

ಪೂರ್ತಿ ಫೀಸು ಒಂದೇ ಸಲ ಕಟ್ಟಬೇಡಿ. ತಿಂಗಳಿಗೆ ಇಷ್ಟು ಅಂತ ಒಪ್ಪಿಸಿ. ಮೊದಲ ತಿಂಗಳಲ್ಲಿ 30 ಜನ ಇದ್ದ ಬ್ಯಾಚು ಎರಡನೇ ತಿಂಗಳಿಗೆ ಹನ್ನೆರಡಕ್ಕೆ ಇಳಿಯುವುದು ಮಾಮೂಲು. ನೀವು ಉಳಿದರೆ ನಿಮಗೆ ಲಾಭವೇ, ಬಿಟ್ಟರೆ ಒಂದು ತಿಂಗಳ ದುಡ್ಡಷ್ಟೇ ಹೋಗುತ್ತದೆ.

ಇಷ್ಟೆಲ್ಲ ಟೀಕೆ ಮಾಡಿದ ಮೇಲೂ ಈ ಕ್ಲಾಸುಗಳ ಪರವಾಗಿ ಹೇಳಲು ಒಂದು ಗಟ್ಟಿ ಮಾತಿದೆ. ದಿನಾ ಅದೇ ಹೊತ್ತಿಗೆ ಹೋಗಿ ಕೂರಬೇಕು. ಮನೆಯಲ್ಲಿ ಒಬ್ಬರೇ ಕೂತು ಅಭ್ಯಾಸ ಮಾಡುವ ಜಾಯಮಾನ ಇಲ್ಲದವರಿಗೆ ಈ ಕಟ್ಟುಪಾಡೇ ದೊಡ್ಡದು. ಜೊತೆಗೆ ನಿಮ್ಮ ಹಾಗೇ ತಡವರಿಸುವ ನಾಲ್ಕು ಜನ ಸಿಗುತ್ತಾರೆ. ಅವರಲ್ಲಿ ಒಬ್ಬರು ಕ್ಲಾಸು ಮುಗಿದ ಮೇಲೂ ಫೋನಿನಲ್ಲಿ ಇಂಗ್ಲಿಷ್ ಮಾತಾಡುವ ಗೆಳೆಯರಾದರೆ ಫೀಸು ವಸೂಲಾದ ಹಾಗೆ.

ಆನ್‌ಲೈನ್: ಗುಂಪು ಬೇರೆ, ಒಬ್ಬರಿಗೊಬ್ಬರು ಬೇರೆ

ಆನ್‌ಲೈನ್ ಅಂದ ತಕ್ಷಣ ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ನೂರಾರು ಜನ ಕೂತ ಲೈವ್ ಕ್ಲಾಸಿನಲ್ಲಿ ನಿಮ್ಮ ಮೈಕು ಮ್ಯೂಟ್ ಆಗಿರುತ್ತದೆ. ಬಾಯಿ ತೆರೆಯುವ ನಿಮಿಷ ಸೊನ್ನೆ. ಅದಕ್ಕೂ ಯೂಟ್ಯೂಬಿಗೂ ವ್ಯತ್ಯಾಸ ಫೀಸು ಮಾತ್ರ.

ಒಬ್ಬರಿಗೊಬ್ಬರ ಪಾಠ ಹಾಗಲ್ಲ. ಐಟಾಕಿ, ಪ್ರೆಪ್ಲಿ ಥರದ ತಾಣಗಳಲ್ಲಿ ಟೀಚರ್‌ಗಳು ತಮ್ಮ ದರ ತಾವೇ ಇಟ್ಟುಕೊಳ್ಳುತ್ತಾರೆ. ಇಂಗ್ಲೆಂಡ್, ಅಮೆರಿಕದವರ ದರ ಜಾಸ್ತಿ, ಭಾರತ ಮತ್ತು ಫಿಲಿಪ್ಪೀನ್ಸ್‌ನವರಲ್ಲಿ ಕಡಿಮೆ ದರದವರು ಸಿಗುತ್ತಾರೆ. ನಿಮ್ಮ ಊರಿನ ಕಾಲೇಜಿನ ಇಂಗ್ಲಿಷ್ ಲೆಕ್ಚರರ್ ಒಬ್ಬರನ್ನು ಕೇಳಿ ವಾರಕ್ಕೆ ಎರಡು ದಿನ ಅರ್ಧರ್ಧ ಗಂಟೆ ಗೊತ್ತು ಮಾಡಿಕೊಂಡರೂ ಇದೇ ಲಾಭ. ಗಂಟೆಗೆ ನಾನೂರು ರೂಪಾಯಿ ಅಂದುಕೊಂಡರೆ ಆ ಆರು ಸಾವಿರಕ್ಕೆ 15 ಗಂಟೆ ಬಂತು. ಅದರಲ್ಲಿ ನೀವು ಮಾತಾಡುವುದು ಎಂಟು-ಒಂಬತ್ತು ಗಂಟೆ. ಜೋಡಿ ಮಾತಿನ ಕ್ಲಾಸಿಗಿಂತ ಕಡಿಮೆಯೇ. ಆದರೆ ಪ್ರತಿ ನಿಮಿಷವೂ ತಿದ್ದುವವರ ಕಿವಿಗೆ ಬೀಳುತ್ತದೆ.

ಕನ್ನಡ ಬರುವ ಟೀಚರ್ ಒಳ್ಳೆಯದಾ, ಇಂಗ್ಲಿಷ್ ಮನೆಮಾತಿನವರು ಒಳ್ಳೆಯದಾ? ಶುರುವಿನ ಹಂತದಲ್ಲಿ ನನ್ನ ಓಟು ಕನ್ನಡ ಬಲ್ಲವರಿಗೆ. ನಾವು ಎಗ್ ಅನ್ನುವುದನ್ನು "ಯೆಗ್" ಅನ್ನುತ್ತೇವೆ, ಓನ್ಲಿ ಅನ್ನುವುದು "ವೋನ್ಲಿ" ಆಗುತ್ತದೆ. ಇದು ನಮ್ಮ ಮಾತಿನ ಜಾಡಿನಿಂದ ಬರುವ ತಪ್ಪು. ಇದೆಲ್ಲಿಂದ ಬಂತು ಅಂತ ಕನ್ನಡ ಬಲ್ಲವರಿಗೆ ಕೂಡಲೇ ಗೊತ್ತಾಗುತ್ತದೆ. ವಿದೇಶಿ ಗ್ರಾಹಕರ ಜೊತೆ ದಿನಾ ಕಾಲ್ ಇರುವವರಿಗೆ ಮಾತ್ರ ಹೊರಗಿನ ಟೀಚರ್ ಹತ್ತಿರ ಕಿವಿ ಪಳಗಿಸಿಕೊಳ್ಳುವುದು ಕೆಲಸಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ದೊಡ್ಡ ಮೊತ್ತದ ಆನ್‌ಲೈನ್ ಕೋರ್ಸ್ ಮಾರುವವರು "ತಿಂಗಳಿಗೆ ಬರೀ ಇಷ್ಟೇ" ಅಂತ ಫೋನ್ ಮಾಡುತ್ತಾರೆ. ಆ ತಿಂಗಳ ಕಂತು ಎಷ್ಟೋ ಸಲ ನಿಮ್ಮ ಹೆಸರಲ್ಲಿ ತೆಗೆದ ಸಾಲ. ಸಾಲ ಕೊಟ್ಟದ್ದು ಬೇರೆ ಫೈನಾನ್ಸ್ ಕಂಪನಿ. ನೀವು ಕ್ಲಾಸು ಬಿಟ್ಟರೂ ಕಂತು ಬಿಡುವುದಿಲ್ಲ, ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಕೆಡುತ್ತದೆ. ಫೋನಿನಲ್ಲಿ ಓಟಿಪಿ ಹೇಳುವ ಮೊದಲು "ಇದು ಸಾಲವಾ?" ಎಂದು ನೇರವಾಗಿ ಕೇಳಿ.

ಸರ್ಕಾರದ್ದು, ಪುಕ್ಕಟೆ ಸಿಗುವುದು

ಪುಕ್ಕಟೆ ಸಿಗುವುದರಲ್ಲಿ ಎರಡು ಜಾತಿ. ಒಂದು, ಕೂತು ನೋಡುವಂಥದ್ದು. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲಿ, ಅದರಲ್ಲೂ ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನಲ್ಲಿ, ಸಾಫ್ಟ್ ಸ್ಕಿಲ್ಸ್ ಮತ್ತು ಇಂಗ್ಲಿಷ್ ಸಂವಹನದ ಕೋರ್ಸುಗಳಿವೆ. ನೋಡಲು ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಿದ್ದರೆ ಎನ್‌ಪಿಟಿಇಎಲ್‌ನಲ್ಲಿ ಒಂದು ಕೋರ್ಸಿಗೆ ಸಾವಿರ ರೂಪಾಯಿ. ಇನ್ಫೋಸಿಸ್‌ನವರ ಆನ್‌ಲೈನ್ ಕಲಿಕೆಯ ತಾಣ ಸ್ಪ್ರಿಂಗ್‌ಬೋರ್ಡ್ ಕೂಡ ಪುಕ್ಕಟೆ. ಟಿಸಿಎಸ್ ಐಯಾನ್‌ನವರ 15 ದಿನದ ಕೆರಿಯರ್ ಎಡ್ಜ್ ಕೋರ್ಸೂ ಹಾಗೇ, ಇಂಟರ್‌ವ್ಯೂಗೆ ತಯಾರಾಗುವವರಿಗೆ ಚೊಕ್ಕವಾಗಿದೆ. ಬಿಬಿಸಿಯ ಆರು ನಿಮಿಷದ ಇಂಗ್ಲಿಷ್ ಪಾಠಗಳು ಕಿವಿಗೆ ಒಳ್ಳೆಯ ಅಭ್ಯಾಸ. ಕೇಳಿದ್ದನ್ನು ಓದಲು ಪಠ್ಯವೂ ಸಿಗುತ್ತದೆ.

ಇವೆಲ್ಲ ಒಳ್ಳೆಯವೇ. ಆದರೆ ನಮ್ಮ ಮೊದಲ ಅಳತೆಯಲ್ಲಿ ಸೊನ್ನೆ. ನೋಡುತ್ತೀರಿ, ಕೇಳುತ್ತೀರಿ, ಬಾಯಿ ಮುಚ್ಚಿಕೊಂಡೇ ಇರುತ್ತೀರಿ. ಇವುಗಳ ಜೊತೆ ಮಾತಾಡುವ ಇನ್ನೊಂದು ದಾರಿ ಸೇರಿಸಿಕೊಳ್ಳಲೇಬೇಕು.

ಎರಡನೆಯ ಜಾತಿ, ತರಬೇತಿ ಕೇಂದ್ರಕ್ಕೆ ಹೋಗಿ ಕಲಿಯುವಂಥದ್ದು. ಗ್ರಾಮೀಣ ಬಡ ಕುಟುಂಬದ 15ರಿಂದ 35 ವಯಸ್ಸಿನವರಿಗೆ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಇದೆ. ಅಲ್ಲಿ ಕಲಿಯುವ ಕಸುಬಿನ ಜೊತೆಗೇ ಇಂಗ್ಲಿಷ್, ಕಂಪ್ಯೂಟರ್, ಸಾಫ್ಟ್ ಸ್ಕಿಲ್ಸ್ ಬರುತ್ತವೆ, ಮುಗಿದ ಮೇಲೆ ಕೆಲಸ ಕೊಡಿಸುವ ಹೊಣೆಯೂ ಕೇಂದ್ರದವರದ್ದೇ. ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆಯ ಕೌಶಲ್ಕರ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ನಿಮ್ಮ ಜಿಲ್ಲೆಯ ತರಬೇತಿಗಳು ತಿಳಿಯುತ್ತವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯ ಕೇಂದ್ರಗಳು ಈಗ ದೇಶದ ಉದ್ದಕ್ಕೂ ಇವೆ. ಊಟ, ವಸತಿ ಉಚಿತ. ಅವರ ಗುರಿ ಸ್ವಂತ ಉದ್ಯೋಗ. ಹಾಗಾಗಿ ಅಲ್ಲಿ ಗ್ರಾಹಕರ ಜೊತೆ, ಬ್ಯಾಂಕಿನವರ ಜೊತೆ ಮಾತಾಡುವುದನ್ನು ಕಲಿಸುತ್ತಾರೆ, ಅದೂ ಕನ್ನಡದಲ್ಲಿ. ಅಂಗಡಿ ಇಡುವವರಿಗೆ ಅದು ಸ್ಪೋಕನ್ ಇಂಗ್ಲಿಷ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಈ ತರಬೇತಿಗಳ ಗುಣಮಟ್ಟ ಕೇಂದ್ರದಿಂದ ಕೇಂದ್ರಕ್ಕೆ ತುಂಬಾ ಬದಲಾಗುತ್ತದೆ. ಹಿಂದಿನ ಬ್ಯಾಚಿನಲ್ಲಿ ಕಲಿತ ಇಬ್ಬರನ್ನು ಮಾತಾಡಿಸಿದರೆ ಅರ್ಧ ದಿನದಲ್ಲಿ ಬಣ್ಣ ಗೊತ್ತಾಗುತ್ತದೆ. ಇನ್ನೊಂದು ವಿಷಯ, ಇವೆಲ್ಲ ಕಸುಬಿನ ತರಬೇತಿಗಳು, ಇಂಗ್ಲಿಷ್ ಅದರ ಒಂದು ಸಣ್ಣ ಭಾಗ. ಬರೀ ಇಂಗ್ಲಿಷ್‌ಗಾಗಿ ಮೂರು ತಿಂಗಳು ಹೋಗಿ ಕೂರುವುದು ಲೆಕ್ಕಕ್ಕೆ ಬರುವುದಿಲ್ಲ.

ಆ್ಯಪ್ ಮತ್ತು ಎಐ

ಡ್ಯುಯೊಲಿಂಗೊ ಥರದ ಆ್ಯಪ್‌ಗಳು ಪದ, ಸಣ್ಣ ವಾಕ್ಯ ಕಲಿಸಲು ಚೆನ್ನಾಗಿವೆ. ಹತ್ತು ವರ್ಷ ಇಂಗ್ಲಿಷ್ ಓದಿದವರಿಗೆ ಅದರಲ್ಲಿ ಹೊಸದು ಕಡಿಮೆ. ಶಾಲೆ ಅರ್ಧಕ್ಕೆ ಬಿಟ್ಟ ಅಮ್ಮನೋ ಅತ್ತಿಗೆಯೋ ಮನೆಯಲ್ಲಿದ್ದರೆ ಅವರಿಗೆ ಹಾಕಿಕೊಡಿ.

ಮಾತಾಡುವ ಎಐ ಮಾತ್ರ ಬೇರೆ ಕಥೆ. ಚಾಟ್‌ಜಿಪಿಟಿಯ ವಾಯ್ಸ್, ಗೂಗಲ್‌ನ ಜೆಮಿನಿ ಲೈವ್, ಇವುಗಳ ಜೊತೆ ಫೋನಿನಲ್ಲಿ ಮಾತಾಡಿದ ಹಾಗೇ ಮಾತಾಡಬಹುದು. ಒಂದು ಮಿತಿಯವರೆಗೆ ಪುಕ್ಕಟೆ. ಜೆಮಿನಿ ಲೈವ್ ಕನ್ನಡದಲ್ಲೂ ಮಾತಾಡುತ್ತದೆ. ಮೊದಲ ಅಳತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ದಿನಕ್ಕೆ ಅರ್ಧ ಗಂಟೆ ಬಾಯಿ ತೆರೆಯಬಹುದು, ರಾತ್ರಿ ಹನ್ನೊಂದಕ್ಕೂ ಬೇಸರ ಮಾಡಿಕೊಳ್ಳುವುದಿಲ್ಲ, ನಗುವುದಿಲ್ಲ. ನಾಚಿಕೆ ಸ್ವಭಾವದವರಿಗೆ ಮೊದಲ ಮೆಟ್ಟಿಲಾಗಿ ಇದಕ್ಕಿಂತ ಒಳ್ಳೆಯದು ಇಂದು ಸಿಗುವುದಿಲ್ಲ.

ತೊಡಕು ಎರಡನೇ ಅಳತೆಯಲ್ಲಿದೆ. ಅದು ಮಹಾ ಸಭ್ಯ. ನೀವು ಎಷ್ಟೇ ಅಡ್ಡಾದಿಡ್ಡಿ ಹೇಳಿದರೂ ಅರ್ಥ ಮಾಡಿಕೊಂಡು ಮುಂದೆ ಹೋಗುತ್ತದೆ. ದನಿಯನ್ನು ಅಕ್ಷರ ಮಾಡುವಾಗ ನಿಮ್ಮ ಉಚ್ಚಾರಣೆಯ ತಪ್ಪನ್ನು ತಾನೇ ಸರಿಮಾಡಿಕೊಂಡುಬಿಡುವುದೂ ಉಂಟು. ಹಾಗಾಗಿ ಶುರುವಿನಲ್ಲೇ ಕಟ್ಟುನಿಟ್ಟಾಗಿ ಹೇಳಬೇಕು: "ನೀನು ಒಂದು ಕಂಪನಿಯ ಎಚ್‌ಆರ್. ನನ್ನನ್ನು ಇಂಟರ್‌ವ್ಯೂ ಮಾಡು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು. ನನ್ನ ಉತ್ತರ ಮುಗಿದ ಮೇಲೆ ಅದರಲ್ಲಿರುವ ದೊಡ್ಡ ತಪ್ಪು ಎರಡನ್ನು ಕನ್ನಡದಲ್ಲಿ ವಿವರಿಸು. ಸರಿಯಾದ ವಾಕ್ಯವನ್ನು ನನ್ನಿಂದಲೇ ಮತ್ತೆ ಹೇಳಿಸು." ಹೀಗೆ ಹೇಳಿದರೆ ಕ್ಲಾಸಿಗಿಂತ ಚೆನ್ನಾಗಿ ತಿದ್ದುತ್ತದೆ. ಹೇಳದಿದ್ದರೆ "ವಾಹ್, ಬಹಳ ಚೆನ್ನಾಗಿ ಹೇಳಿದಿರಿ" ಅಂತ ಹೊಗಳಿಕೊಂಡೇ ಕೂರುತ್ತದೆ.

ಇನ್ನೊಂದು ಚಟದಿಂದ ದೂರ ಇರಿ. ಉತ್ತರವನ್ನು ಅದರ ಹತ್ತಿರವೇ ಬರೆಸಿ ಬಾಯಿಪಾಠ ಮಾಡುವುದು. ಇಂಟರ್‌ವ್ಯೂ ಮಾಡುವವರಿಗೆ ಆ ನುಣುಪು ವಾಕ್ಯಗಳು ಮೊದಲ ಸಾಲಿನಲ್ಲೇ ಗೊತ್ತಾಗುತ್ತವೆ. ಅವರು ಮಧ್ಯೆ ತಡೆದು ಒಂದು ಸಣ್ಣ ಪ್ರಶ್ನೆ ಕೇಳಿದರೆ ಸಾಕು, ಪಾಠ ಮರೆತುಹೋಗುತ್ತದೆ.

ಮೂರನೇ ಅಳತೆಯಲ್ಲಿ ಎಐ ಸೋಲುತ್ತದೆ. ಎದುರಿಗೆ ಮನುಷ್ಯ ಇಲ್ಲ.

ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬು

ಇದು ಇಂಗ್ಲಿಷ್ ಕಲಿಸುವ ಜಾಗ ಅಲ್ಲ. ಜನರ ಎದುರು ನಿಂತು ಮಾತಾಡುವುದನ್ನು ಪಳಗಿಸುವ ಜಾಗ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ಶುರುವಾದ ಈ ಕ್ಲಬ್ಬುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಎಷ್ಟೋ ಐಟಿ ಕಂಪನಿಗಳ ಒಳಗೇ ನಡೆಯುತ್ತವೆ. ಮೈಸೂರು, ಮಂಗಳೂರಿನಲ್ಲೂ ಇವೆ.

ಸಭೆಯಲ್ಲಿ ಮೊದಲೇ ತಯಾರಾದವರು ಐದರಿಂದ ಏಳು ನಿಮಿಷ ಭಾಷಣ ಮಾಡುತ್ತಾರೆ. ಟೇಬಲ್ ಟಾಪಿಕ್ಸ್‌ನಲ್ಲಿ ಅಲ್ಲೇ ವಿಷಯ ಕೊಟ್ಟು ಒಂದೆರಡು ನಿಮಿಷ ಮಾತಾಡಿಸುತ್ತಾರೆ. ಒಬ್ಬರು ಟೈಮ್ ನೋಡುತ್ತಾರೆ, ಒಬ್ಬರು ನೀವು ಎಷ್ಟು ಸಲ "ಆ... ಉಮ್" ಅಂದಿರಿ ಅಂತ ಎಣಿಸುತ್ತಾರೆ, ಒಬ್ಬರು ವ್ಯಾಕರಣ ಗಮನಿಸುತ್ತಾರೆ. ನಿಮಿಷದ ಲೆಕ್ಕದಲ್ಲಿ ಒಂದು ಸಭೆಗೆ ಎರಡು ನಿಮಿಷ ಸಿಕ್ಕರೆ ಪುಣ್ಯ. ಆದರೆ ಆ ಎರಡು ನಿಮಿಷ ಇಪ್ಪತ್ತು ಜನರ ಎದುರು. ಅದರ ತೂಕವೇ ಬೇರೆ. ತಿದ್ದುವ ರೀತಿಯೂ ಹಿತವಾಗಿರುತ್ತದೆ, ಮೊದಲು ಚೆನ್ನಾಗಿದ್ದದ್ದನ್ನು ಹೇಳಿ ಆಮೇಲೆ ಸುಧಾರಿಸಬೇಕಾದ್ದಕ್ಕೆ ಬರುತ್ತಾರೆ.

ಸದಸ್ಯತ್ವ ಆರು ತಿಂಗಳಿಗೆ 60 ಡಾಲರ್, ನಮ್ಮ ದುಡ್ಡಲ್ಲಿ ಐದು ಸಾವಿರದ ಆಸುಪಾಸು. ಹೊಸದಾಗಿ ಸೇರುವಾಗ ಇನ್ನೊಂದು 20 ಡಾಲರ್. ಅತಿಥಿಯಾಗಿ ಹೋಗಿ ನೋಡಲು ದುಡ್ಡಿಲ್ಲ. ಎರಡು-ಮೂರು ಕ್ಲಬ್ಬು ಸುಮ್ನೆ ನೋಡಿಕೊಂಡು ಬನ್ನಿ. ಒಂದೊಂದರ ವಾತಾವರಣವೂ ಬೇರೆ. ವಾಕ್ಯ ಕಟ್ಟಲೇ ಕಷ್ಟಪಡುವವರು ಇಲ್ಲಿಂದ ಶುರು ಮಾಡಿದರೆ ಎರಡನೇ ವಾರಕ್ಕೇ ಓಡಿಹೋಗುತ್ತಾರೆ. ಎರಡು ತಿಂಗಳು ಎಐ ಜೊತೆಗೋ ಟೀಚರ್ ಜೊತೆಗೋ ಪಳಗಿ ಆಮೇಲೆ ಬರುವುದು ಒಳ್ಳೆಯದು.

ಹತ್ತಿರದಲ್ಲಿ ಕ್ಲಬ್ಬು ಇಲ್ಲದ ಊರಿನವರು ಕಾಲೇಜಿನ ಖಾಲಿ ಕೋಣೆಯಲ್ಲಿ ಆರೇಳು ಗೆಳೆಯರನ್ನು ಸೇರಿಸಿ ಇದೇ ಪದ್ಧತಿ ನಡೆಸಬಹುದು. ಚೀಟಿ ಎತ್ತಿ ಎರಡು ನಿಮಿಷ ಮಾತು, ಒಬ್ಬರು ಮೊಬೈಲಿನಲ್ಲಿ ಟೈಮ್ ನೋಡುವುದು, ಒಬ್ಬರು ತಪ್ಪು ಬರೆದುಕೊಳ್ಳುವುದು. ಖರ್ಚು ಟೀದು ಮಾತ್ರ.

ಪರೀಕ್ಷೆಗಾಗಿ ಕಲಿಯುವವರು

ವಿದೇಶಕ್ಕೆ ಹೋಗುವ ನರ್ಸ್‌ಗಳಿಗೆ ಇಲ್ಲಿಯವರೆಗೆ ಹೇಳಿದ ಅರ್ಧಕ್ಕರ್ಧ ಹೊಂದುವುದಿಲ್ಲ. ಅವರಿಗೆ ಅಂಕವೇ ಬೇಕು. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಲು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳುವಿಕೆ, ಮಾತಿಗೆ 7, ಬರವಣಿಗೆಗೆ 6.5 ಬೇಕು. ಇಲ್ಲವೇ ಆರೋಗ್ಯ ಕ್ಷೇತ್ರದವರಿಗೇ ಇರುವ ಓಇಟಿಯಲ್ಲಿ ಬಿ ಗ್ರೇಡ್, ಬರವಣಿಗೆಗೆ ಸಿ ಪ್ಲಸ್. ಐಇಎಲ್‌ಟಿಎಸ್‌ನಲ್ಲಿ ಪರಿಸರ, ಶಿಕ್ಷಣ ಅಂತ ಯಾವ ವಿಷಯ ಬೇಕಾದರೂ ಬರಬಹುದು. ಓಇಟಿಯಲ್ಲಿ ರೋಗಿಯ ಜೊತೆ ಮಾತು, ರೋಗಿಯ ಬಗ್ಗೆ ಪತ್ರ. ವಾರ್ಡಿನಲ್ಲಿ ಕೆಲವು ವರ್ಷ ದುಡಿದವರಿಗೆ ಓಇಟಿಯ ವಿಷಯ ಪರಿಚಿತ, ಆದರೆ ಫೀಸು ಐಇಎಲ್‌ಟಿಎಸ್‌ಗಿಂತ ಜಾಸ್ತಿ. ಸಾಕಷ್ಟು ವಾರ್ಡ್ ಅನುಭವ ಇದ್ದರೆ ಓಇಟಿ, ಈಗಷ್ಟೇ ಕೋರ್ಸು ಮುಗಿಸಿದವರು ಮಾದರಿ ಪ್ರಶ್ನೆಪತ್ರಿಕೆ ಎರಡನ್ನೂ ಮಾಡಿ ನೋಡಿ ಆರಿಸಲಿ.

ಜರ್ಮನಿಯ ಕಡೆ ಹೊರಟವರಿಗೆ ಇಂಗ್ಲಿಷ್ ಅಂಕ ಬೇಕಾಗುವುದಿಲ್ಲ. ಅಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟ ಬೇಕು. ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲಲ್ಲಿ ಅದು ನಾಲ್ಕನೆಯದು. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಕೆಯೂ ಇದೆ, ಪರೀಕ್ಷೆಯೂ ಇದೆ. ಇದು ಒಂದೆರಡು ತಿಂಗಳ ಮಾತಲ್ಲ. "ಮೂರು ತಿಂಗಳಲ್ಲಿ ಬಿ2 ಗ್ಯಾರಂಟಿ" ಅನ್ನುವ ಏಜೆಂಟರ ಹತ್ತಿರ ಪಾಸ್‌ಪೋರ್ಟ್ ಕೊಟ್ಟು ಕೂರಬೇಡಿ.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡೇ ಇಲ್ಲ, ಆದರೆ ಸ್ಮಾರ್ಟ್‌ಫೋನ್ ಇದೆ: ದಿನಾ ಇಪ್ಪತ್ತು ನಿಮಿಷ ಎಐ ಜೊತೆ ಮಾತು, ವಾರಕ್ಕೊಂದು ದಿನ ಗೆಳೆಯರ ಚೀಟಿ ಆಟ. ಬಿಬಿಸಿ ಪಾಠ ಬಸ್ಸಿನಲ್ಲಿ. ಇದು ಬಡವರ ಪಾಲಿನ ಎರಡನೇ ದರ್ಜೆಯ ಆಯ್ಕೆ ಅಂದುಕೊಳ್ಳಬೇಡಿ. 30 ಜನರ ಬ್ಯಾಚಿನ ಕ್ಲಾಸಿಗಿಂತ ಇದು ಮೇಲು.

ಮೂರರಿಂದ ಆರು ಸಾವಿರ ಹೊಂದಿಸಬಲ್ಲ ಡಿಗ್ರಿ ವಿದ್ಯಾರ್ಥಿ: ಕೂತು ಅಭ್ಯಾಸ ಮಾಡುವ ಶಿಸ್ತು ನಿಮಗಿದ್ದರೆ ಒಬ್ಬರಿಗೊಬ್ಬರ ಪಾಠಕ್ಕೆ ಹಾಕಿ, ಉಳಿದ ದಿನ ಎಐ. ಶಿಸ್ತು ಇಲ್ಲವಾದರೆ ಜೋಡಿ ಮಾತು ಮಾಡಿಸುವ ಊರಿನ ಕ್ಲಾಸು ಹುಡುಕಿ. ಡಿಗ್ರಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದೆ ರಾಜ್ಯ ಸರ್ಕಾರದ ಯುವನಿಧಿಯ ತಿಂಗಳ ಮೂರು ಸಾವಿರ ಬರುತ್ತಿದ್ದರೆ ಅದರಲ್ಲೊಂದು ಪಾಲು ಇದಕ್ಕೇ ಎತ್ತಿಡಿ. ಡಿಪ್ಲೊಮಾದವರಿಗೆ ಬರುವ ಒಂದೂವರೆ ಸಾವಿರದಲ್ಲೂ ವಾರಕ್ಕೆ ಅರ್ಧ ಗಂಟೆಯ ಟೀಚರ್ ಸಿಗುತ್ತಾರೆ.

ಶೋರೂಮು, ಹೋಟೆಲ್ ರಿಸೆಪ್ಷನ್, ಆಸ್ಪತ್ರೆಯ ಕೌಂಟರ್‌ನಲ್ಲಿ ಇರುವವರಿಗೆ ಪೂರ್ತಿ ಇಂಗ್ಲಿಷ್ ಬೇಡ. ನಿಮ್ಮ ಕೌಂಟರಿನಲ್ಲಿ ದಿನಾ ಬರುವ ಪ್ರಶ್ನೆಗಳನ್ನು ಒಂದು ವಾರ ಬರೆದಿಡಿ. ಮೂವತ್ತು-ನಲವತ್ತರ ಮೇಲೆ ಹೋಗುವುದು ಕಷ್ಟ. ಅವಕ್ಕೆ ಉತ್ತರಗಳನ್ನು ಬಲ್ಲವರೊಬ್ಬರ ಹತ್ತಿರ ತಿದ್ದಿಸಿಕೊಂಡು ಬಾಯಲ್ಲಿ ಕೂರಿಸಿಕೊಳ್ಳಿ. ಎಂಟತ್ತು ಗಂಟೆಯ ಟೀಚರ್ ಸಾಕು, ಮೂರು ತಿಂಗಳ ಕೋರ್ಸ್ ಬೇಡ.

ಮೀಟಿಂಗಿನಲ್ಲಿ ಬಾಯಿ ಕಟ್ಟುವ ಇಂಜಿನಿಯರ್‌ಗೆ ಇಂಗ್ಲಿಷ್ ಕ್ಲಾಸು ದುಡ್ಡು ದಂಡ. ನೀವು ದಿನಾ ಇಂಗ್ಲಿಷ್‌ನಲ್ಲೇ ಮೇಲ್ ಬರೆಯುತ್ತೀರಿ. ಟೋಸ್ಟ್‌ಮಾಸ್ಟರ್ಸ್ ನೋಡಿ. ಕಂಪನಿಯೊಳಗೇ ಕ್ಲಬ್ಬು ಇದ್ದರೆ ಸದಸ್ಯತ್ವದ ದುಡ್ಡನ್ನು ಕಂಪನಿಯೇ ಕೊಡುತ್ತದಾ ಅಂತ ಎಚ್‌ಆರ್ ಹತ್ತಿರ ವಿಚಾರಿಸಿ.

ವಾಯ್ಸ್ ಪ್ರೋಸೆಸ್, ಅಂದರೆ ಕಾಲ್ ಸೆಂಟರಿನಲ್ಲಿ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಹೋಗುವವರು ಬೇರೆ ಎಲ್ಲಕ್ಕಿಂತ ಮೊದಲು ಉಚ್ಚಾರಣೆ ಮತ್ತು ಕೇಳಿಸಿಕೊಂಡ ವಾಕ್ಯವನ್ನು ಹಾಗೇ ತಿರುಗಿ ಹೇಳುವುದನ್ನು ಅಭ್ಯಾಸ ಮಾಡಿ. ವರ್ಸೆಂಟ್ ಥರದ ಪರೀಕ್ಷೆಯಲ್ಲಿ ಕೇಳುವುದೇ ಅದು. ಕಂಪನಿಗೆ ಸೇರಿದ ಮೇಲೆ ಅವರೇ ಕೆಲವು ವಾರ ತರಬೇತಿ ಕೊಡುತ್ತಾರೆ, ಸಂಬಳದ ಜೊತೆಗೆ. ಹಾಗಾಗಿ ಒಳಗೆ ಹೋಗುವಷ್ಟು ಕಲಿಯಲು ಮಾತ್ರ ಸ್ವಂತ ದುಡ್ಡು ಹಾಕಿ. ಮಾತು ಇನ್ನೂ ಹದಕ್ಕೆ ಬಂದಿಲ್ಲ, ಮನೆಗೆ ಸಂಬಳ ಬೇಗ ಬೇಕು ಅನ್ನುವವರು ಮೊದಲು ಕನ್ನಡ ಪ್ರೋಸೆಸ್‌ಗೆ ಸೇರಿಕೊಳ್ಳಬಹುದು. ಅಲ್ಲಿದ್ದುಕೊಂಡೇ ಒಳಗಿನ ನೇಮಕದಲ್ಲಿ ಇಂಗ್ಲಿಷ್ ಪ್ರೋಸೆಸ್‌ಗೆ ಅರ್ಜಿ ಹಾಕಲು ಅವಕಾಶ ಇದೆಯಾ ಅನ್ನುವುದನ್ನು ಸೇರುವ ದಿನವೇ ಕೇಳಿಟ್ಟುಕೊಳ್ಳಿ.